ಮೂರನೇ ಬೇಸ್ ಕಡೆಯ ಬೆಂಚು

ಸ್ಟೆಲ್ಲಾ ವ್ರಾಬೆಲ್ ಹೆರನ್ಸ್ ಬೇಸ್‌ಬಾಲ್ ತಂಡದ ಆಟ ನೋಡಲು ಶುರುಮಾಡಿದ್ದು ಅಪ್ಪನ ಹೆಗಲ ಮೇಲೆ ಕೂತು. ಪೆನ್ಸಿಲ್ವೇನಿಯಾದ ಆ ಊರಲ್ಲಿ ಆಮೇಲೆ ಉಕ್ಕಿನ ಕಾರ್ಖಾನೆ ಮುಚ್ಚಿತು, ಅಪ್ಪ ತೀರಿಕೊಂಡರು, ಬೇಕರಿಯಲ್ಲಿ ಹಿಟ್ಟು ನಾದುತ್ತಲೇ ಅವಳ ಮದುವೆಯ ವಯಸ್ಸೂ ದಾಟಿತು. ಬೇಸಿಗೆಯಲ್ಲಿ ಮೈದಾನಕ್ಕೆ ಹೋಗುವುದನ್ನು ಮಾತ್ರ ಅವಳು ಬಿಡಲಿಲ್ಲ.

ಮೂರನೇ ಬೇಸ್ ಕಡೆಯ ಬೆಂಚಿನಲ್ಲಿ ಅವಳ ಪಕ್ಕಕ್ಕೆ ಆರ್ವಿಲ್ ಟೆಂಚ್ ಬಂದು ಕೂರುತ್ತಿದ್ದ. ನದಿಯಾಚೆಯ ಊರಲ್ಲಿ ಕ್ಷೌರದಂಗಡಿ ಇದೆ, ಹೆಂಡತಿ ತೀರಿಹೋಗಿದ್ದಾಳೆ, ಒಬ್ಬ ಮಗಳಿದ್ದಾಳೆ: ಅವನ ಬಗ್ಗೆ ಅವಳಿಗೆ ಗೊತ್ತಿದ್ದುದು ಇಷ್ಟೇ. ಹುರಿದ ಕಡಲೆಕಾಯಿಯ ಪೊಟ್ಟಣವನ್ನು ಅವನು ಇಬ್ಬರ ನಡುವೆ ಇಡುತ್ತಿದ್ದ. ಹೆರನ್ಸ್ ಹೊಡೆದ ಚೆಂಡು ಬೇಲಿ ದಾಟಿದರೆ ಅವಳ ತೋಳು ಹಿಡಿದು ಎಬ್ಬಿಸುತ್ತಿದ್ದ. ಚಳಿಗಾಲ ಬಂದು ಆಟ ನಿಂತಿತೆಂದರೆ ಒಂದು ಫೋನೂ ಇಲ್ಲ. ಏಪ್ರಿಲ್‌ನಲ್ಲಿ ಮತ್ತೆ ಅದೇ ಬೆಂಚು, ನಿನ್ನೆ ನಿಲ್ಲಿಸಿದ ಮಾತು ಮುಂದುವರಿಸಿದ ಹಾಗೆ. ಹೀಗೇ ಇಬ್ಬರ ಕೂದಲೂ ಬೆಳ್ಳಗಾದವು.

ಒಂದು ವರ್ಷ ಮಾಲೀಕರು ತಂಡವನ್ನು ದೂರದ ನಗರಕ್ಕೆ ಮಾರಿದರು. ಕೊನೆಯ ಆಟವನ್ನೂ ಹೆರನ್ಸ್ ಸೋತಿತು. ಜನ ಖಾಲಿಯಾದರೂ ಇವರಿಬ್ಬರು ಏಳಲಿಲ್ಲ.

"ಮುಂದಿನ ವರ್ಷ ಏನ್ಮಾಡ್ತೀರ, ಸ್ಟೆಲ್ಲಾ?"

"ಹೆಣಿಗೆ ಕಲೀತೀನಿ. ನೀವು?"

"ನಂಗೆ ಬೈಯೋಕೆ ಅಂಪೈರ್ ಬೇಕಲ್ಲ! ಗಿರಾಕಿಗಳನ್ನ ಬೈದ್ರೆ ಯಾರೂ ತಲೆ ಕೊಡಲ್ಲ."

ಇಬ್ಬರೂ ನಕ್ಕರು. ಅವನು ಟೋಪಿ ತೆಗೆದು ಏನೋ ಹೇಳುವವನಂತೆ ನಿಂತ. ಅವಳು ಕಾದಳು.

"ಮೆಟ್ಟಿಲು ಜಾರುತ್ತೆ, ಹುಷಾರು," ಎಂದು ಹೊರಟುಹೋದ.

ಏಪ್ರಿಲ್ ಬಂದಾಗ ಸ್ಟೆಲ್ಲಾಗೆ ಮನೆಯಲ್ಲಿ ಕೂರಲಾಗಲಿಲ್ಲ. ಒಳ್ಳೆಯ ಕೋಟು ಹಾಕಿಕೊಂಡು ಬಸ್ಸು ಹತ್ತಿ ಸೇತುವೆ ದಾಟಿ ಹೋದಳು. ಕ್ಷೌರದಂಗಡಿ ಸಿಕ್ಕಿತು. ಒಳಗೆ ಒಬ್ಬ ಹೆಂಗಸು ಕನ್ನಡಿಗಳನ್ನು ಕಳಚಿ ಕಂಬಳಿಯಲ್ಲಿ ಸುತ್ತುತ್ತಿದ್ದಳು. ಆರ್ವಿಲ್‌ನ ಮಗಳು, ನೋರೀನ್.

"ಅಪ್ಪ ಫೆಬ್ರವರೀಲಿ ಹೋಗ್ಬಿಟ್ರು," ಎಂದಳು. "ನಿಮಗೆ ಹೇಗೆ ಪರಿಚಯ?"

"ಬೇಸ್‌ಬಾಲ್ ನೋಡೋಕೆ ಬರ್ತಿದ್ರಲ್ಲ..."

"ಹೌದು, ಅದೊಂದು ಹುಚ್ಚು. ಪಾಪ, ಅಷ್ಟು ವರ್ಷ ಒಬ್ರೇ ಹೋಗಿ ಬರ್ತಿದ್ರು. ನಾನೂ ಬರ್ತೀನಿ ಅಂದ್ರೆ, 'ಬೇಡಮ್ಮ, ನಾನೊಬ್ನೇ ಆರಾಮಾಗಿರ್ತೀನಿ' ಅನ್ನೋರು."

ಸ್ಟೆಲ್ಲಾ ಕ್ಷೌರದ ಕುರ್ಚಿಯ ತೋಳು ಹಿಡಿದು ನಿಂತಳು. ತನ್ನ ವಿಷಯ ಹೇಳಬಹುದಿತ್ತು. "ನಾನು ಅಲ್ಲೇ ಹತ್ರ ಕೂತಿರ್ತಿದ್ದೆ," ಎಂದಳು.

"ಅಲ್ಲೂ ಹೀಗೇನಾ, ಬಾಯಿಗೆ ಬೀಗ? ಮನೇಲಿ ಅವರ ದನಿ ಏರಿದ್ದೇ ನಾನು ಕೇಳಿಲ್ಲ."

"ನಿಮ್ಮಪ್ಪನಾ?" ಸ್ಟೆಲ್ಲಾ ಕೋಟಿನ ಗುಂಡಿ ಬಿಚ್ಚಿ, ಎರಡೂ ಕೈ ಬಾಯಿಗೆ ಅಡ್ಡ ಹಿಡಿದು, ಆ ಖಾಲಿ ಅಂಗಡಿಯಲ್ಲಿ ಕೂಗಿದಳು: "ಲೋ ಅಂಪೈರ್! ಆ ಕಣ್ಣೇನು ಬಾಡಿಗೆಗೆ ತಂದಿದ್ಯೇನೋ? ವಾಪಸ್ ಕೊಟ್ಟು ಬಾರೋ!"

ನೋರೀನ್ ಬೆಚ್ಚಿದಳು. ಆಮೇಲೆ ನಗಲು ಶುರುಮಾಡಿದವಳು ನಿಲ್ಲಿಸಲಾಗದೆ ಅಲ್ಲೇ ನೆಲದ ಮೇಲೆ ಕೂತು ಅತ್ತಳು. "ಇನ್ನೊಂದ್ಸಲ," ಎಂದಳು.

ಸ್ಟೆಲ್ಲಾ ಮತ್ತೆ ಕೂಗಿದಳು. ಮೈದಾನದಲ್ಲಿ ಅವನು ಒದರುತ್ತಿದ್ದುದನ್ನೆಲ್ಲ, ದನಿ ಒಡೆಯುವವರೆಗೂ, ನೆನಪಿಸಿಕೊಂಡು ಕೂಗಿದಳು.

ವಾಪಸು ಬರುವ ಬಸ್ಸಿನಲ್ಲಿ ಚಾಲಕ ಎಲ್ಲಿಗೆ ಎಂದು ಕೇಳಿದಾಗ ಅವಳ ಗಂಟಲಿಂದ ಮಾತು ಹೊರಡಲಿಲ್ಲ. ನದಿಯಾಚೆ ತನ್ನ ಊರಿನ ಕಡೆಗೆ ಕೈ ತೋರಿಸಿದಳು.