ಒಂಬತ್ತು ಕಂಡಿಯ ಪೆಟ್ಟಿಗೆ

ಏಳನೆಯ ಕಂಡಿಗೂ ಗಂಧ ಬಿತ್ತು.

"ನಿಧಾನ ಅಣ್ಣಾಚಿ, ಗೋಡೆಗೆ ಸುಣ್ಣ ಬಳೀತಿದ್ದೀರಾ?" ಎಂದಳು ಬಟ್ಟಲು ಹಿಡಿದು ನಿಂತಿದ್ದ ತಂಗಪುಷ್ಪಂ.

"ಬಟ್ಟಲು ಹಿಡ್ಕೊ ಅಂದೆ, ಬಾಯಿ ಬಿಡು ಅನ್ನಲಿಲ್ಲ," ಎಂದ ವೇಲ್‌ಚಾಮಿ. "ಒಂಬತ್ತು ಕಣ್ಣಿನ ಯಂತ್ರ ಇದು. ಎಂಟಕ್ಕೆ ಇಟ್ಟು ಒಂದನ್ನ ಬಿಟ್ರೆ, ಆ ಒಂದು ನಮ್ಮನ್ನ ಸುಮ್ಮನೆ ಬಿಡುತ್ತಾ? ಮದುವೆ ಮನೇಲಿ ಒಬ್ಬ ಭಾವನಿಗೆ ಮಾತ್ರ ಪಂಚೆ ಕೊಡದೆ ಬಿಟ್ಟ ಹಾಗೆ!"

ಎಂಟನೆಯದಕ್ಕೂ ಒಂಬತ್ತನೆಯದಕ್ಕೂ ಇನ್ನಷ್ಟು ಧಾರಾಳವಾಗಿ ಇಟ್ಟ. ನಲವತ್ತು ವರ್ಷದಿಂದ ನಾಲ್ಕು ಬಣ್ಣದ ಮುದ್ರಣ ಯಂತ್ರ ಓಡಿಸಿದ ಬೆರಳು ಅವು. ಅವನು ಮೊಸರನ್ನ ಕಲಸಿದರೆ ಅನ್ನ ನೀಲಿಯಾಗುತ್ತದೆ ಎಂದು ಅವನ ಹೆಂಡತಿಯೇ ಆಣೆ ಮಾಡಿ ಹೇಳುತ್ತಾಳೆ. ನಮ್ಮ ಶಿವಕಾಶಿಯಲ್ಲಿ ಗಂಧ-ಕುಂಕುಮ ಬೀಳದೆ ಯಾವ ಯಂತ್ರವೂ ತಿರುಗಿದ ದಾಖಲೆಯಿಲ್ಲ. ಮೂವತ್ತು ಟನ್ನಿನ ಯಂತ್ರಕ್ಕೆ ಬಿದ್ದಿದೆ, ಗೋಡೆ ಗಡಿಯಾರಕ್ಕೆ ಬಿದ್ದಿದೆ, ಒಂದು ಸಲ ಕುರ್ಚಿಯಲ್ಲೇ ನಿದ್ದೆ ಹೋಗಿದ್ದ ಗುಮಾಸ್ತನ ಹಣೆಗೂ ಬಿದ್ದು, ಆ ಮನುಷ್ಯ ಅಂದಿನಿಂದ ಎರಡು ಪಟ್ಟು ಕೆಲಸ ಮಾಡುತ್ತಿದ್ದಾನೆ. ಹಾಗಿರುವಾಗ ಹನ್ನೆರಡು ಬೆಂಕಿಪೊಟ್ಟಣದ ಕಟ್ಟಿನಷ್ಟಿರುವ ಈ ಕರಿ ಪೆಟ್ಟಿಗೆ ಯಾವ ಲೆಕ್ಕ?

ಪೆಟ್ಟಿಗೆಯ ಹೆಸರು ಡಾಕ್. ಲ್ಯಾಪ್‌ಟಾಪಿನಿಂದ ಒಂದೇ ಒಂದು ವೈರು ಇದಕ್ಕೆ ಬರುತ್ತದೆ. ಎರಡು ದೊಡ್ಡ ಪರದೆ, ಕೀಲಿಮಣೆ, ಮೌಸು, ಪ್ರಿಂಟರು, ಎಲ್ಲ ಇದರ ಬೆನ್ನಿಗೆ. ಕೂಡುಕುಟುಂಬದ ಹಿರಿ ಸೊಸೆಯಂತೆ, ಎಲ್ಲರ ಮಾತೂ ಇದರ ಮೂಲಕವೇ ಹಾಯಬೇಕು.

ಇದು ಬಂದದ್ದು ತಂಗಪುಷ್ಪಂಗಾಗಿ. ಅವಳು ಯಾರೆಂದು ನಮ್ಮೂರಿನಲ್ಲಿ ಕೇಳಿದರೆ ನಗುತ್ತಾರೆ. ಜೋಡಿ ನವಿಲು ಮಾರ್ಕಿನ ದಿನದ ಕ್ಯಾಲೆಂಡರಿನ ಮುನ್ನೂರ ಅರವತ್ತೈದು ಹಾಳೆಗೂ ಮೂವತ್ತೊಂದು ವರ್ಷದಿಂದ ಅಕ್ಷರ ಜೋಡಿಸುತ್ತಿರುವವಳು ಅವಳು. ಮದುರೈಯಲ್ಲಿ ತಾಳಿ ಕಟ್ಟುವವನು, ತೂತ್ತುಕುಡಿಯಲ್ಲಿ ದೋಣಿ ನೀರಿಗಿಳಿಸುವವನು, ಹೆಗಲ ಮೇಲೆ ಹಲ್ಲಿ ಬಿದ್ದು ಫಲ ಹುಡುಕುವವನು, ಎಲ್ಲರೂ ನೋಡುವುದು ಅವಳು ಜೋಡಿಸಿದ ಹಾಳೆಯನ್ನೇ. ಸೂರ್ಯ ಕೂಡ ಹುಟ್ಟುವ ಮೊದಲು ನಮ್ಮ ಪ್ರೆಸ್ಸಿನ ಕಿಟಕಿಯಲ್ಲಿ ಇಣುಕಿ, ಇವತ್ತು ಎಷ್ಟು ಗಂಟೆಗೆ ಅಂತ ಅಕ್ಕ ಹಾಕಿದ್ದಾಳೆ ಎಂದು ನೋಡಿಕೊಂಡೇ ಮೇಲೇರುತ್ತಾನೆ. ಬೇಕಾದರೆ ನೀವೇ ಬಂದು ನೋಡಿ.

ಅವಳದೊಂದು ಕ್ರಮವಿತ್ತು. ಎಡಗಡೆಯ ಪರದೆಯಲ್ಲಿ ಪಂಚಾಂಗದವರ ಕೈಬರಹ, ಬಲಗಡೆಯದರಲ್ಲಿ ತಾನು ಜೋಡಿಸುವ ಹಾಳೆ. ಎಡಗೈಯಲ್ಲಿ ಒಂದಡಿಯ ಮರದ ಪಟ್ಟಿ. ಅದನ್ನು ಎಡ ಪರದೆಯ ಗಾಜಿನ ಮೇಲೆ ಸಾಲಿನ ಕೆಳಗೆ ಹಿಡಿದು, ಸಾಲು ಸಾಲಾಗಿ ಇಳಿಸುತ್ತ ಹೋಗುವಳು. ಕಣ್ಣು ಎಡಕ್ಕೆ ಬಲಕ್ಕೆ, ಮಗ್ಗದ ಲಾಳಿಯ ಹಾಗೆ. ಹಳೆಯ ಕಂಪ್ಯೂಟರು ಕಳೆದ ತಿಂಗಳು ಹೊಗೆ ಬಿಟ್ಟು ಕಣ್ಣು ಮುಚ್ಚಿದಾಗ ಧಣಿಯ ಮಗಳು ಮಲರ್‌ವಿಳಿ ಅವಳ ಕೈಗೆ ಹೊಸ ಲ್ಯಾಪ್‌ಟಾಪು ಕೊಟ್ಟಳು. ಮಲರ್‌ವಿಳಿಗೆ ಮೂವತ್ತಾರು, ಪ್ರೆಸ್ಸಿಗೆ ಈಗ ಅವಳೇ ಧಣಿ. ಆದರೆ ಹಳಬರ ಬಾಯಲ್ಲಿ ಅವಳಿನ್ನೂ 'ಪಾಪಾ'. ಲ್ಯಾಪ್‌ಟಾಪು ಒಳ್ಳೆಯದೇ. ಪರದೆ ಮಾತ್ರ ತಾಂಬೂಲದ ತಟ್ಟೆಯಷ್ಟು. ಕೈಬರಹ ತೆರೆದರೆ ಹಾಳೆ ಮುಚ್ಚುತ್ತದೆ, ಹಾಳೆ ತೆರೆದರೆ ಕೈಬರಹ ಮುಚ್ಚುತ್ತದೆ. ಹತ್ತು ದಿನಕ್ಕೆ ಎರಡೇ ತಿಂಗಳು ಮುಗಿದವು.

"ಅಕ್ಕಾ, ನಾನು ಸುತ್ತಿ ಬಳಸಿ ಹೇಳಲ್ಲ," ಎಂದಿದ್ದಳು ಮಲರ್‌ವಿಳಿ. "ಆಡಿ ಮಾಸದ ಹದಿನೆಂಟಕ್ಕೆ ಹೊಸ ಕ್ಯಾಲೆಂಡರಿನ ಪೂಜೆ. ಅದರ ಹಿಂದಿನ ಸಂಜೆಗೆ ವರ್ಷ ಪೂರ್ತಿ ಜೋಡಿಸಿ ಮುಗೀಬೇಕು. ಚೆನ್ನೈಯ ಕಂಪನಿಯವರು ಜೋಡಿಸಿಕೊಡ್ತೀವಿ ಅಂತ ದಿನಾ ಫೋನ್ ಮಾಡ್ತಿದ್ದಾರೆ. ನೀವು ಕೇಳಿದ ಪೆಟ್ಟಿಗೆ ತರಿಸಿದ್ದೀನಿ. ಆದರೂ ಆಗಲಿಲ್ಲ ಅಂದ್ರೆ, ನೀವು ತಗಡು ಪಟ್ಟಿ ವಿಭಾಗಕ್ಕೆ ಹೋಗಿ ಕೂತ್ಕೊಳ್ಳಿ."

ತಗಡು ಪಟ್ಟಿ ವಿಭಾಗವೆಂದರೆ ಹಾಳೆಯ ಕಟ್ಟಿನ ನೆತ್ತಿಗೆ ತಗಡು ಬಡಿಯುವ ಕೋಣೆ. ಕೆಟ್ಟ ಕೆಲಸವೇನಲ್ಲ. ಆದರೆ ಮೂವತ್ತೊಂದು ವರ್ಷ ದಿನಗಳನ್ನು ಹೆತ್ತವಳು, ಇನ್ನು ಯಾರೋ ಹೆತ್ತ ದಿನಗಳ ತಲೆಗೆ ಮೊಳೆ ಹೊಡೆಯಬೇಕು. ತಂಗಪುಷ್ಪಂ ಮರದ ಪಟ್ಟಿಯನ್ನು ಸೀರೆಯ ಸೆರಗಿನಲ್ಲಿ ಒರೆಸಿದ್ದಳು.

ಈಗ ಪೂಜೆಗೆ ಉಳಿದಿದ್ದದ್ದು ನಾಲ್ಕು ದಿನ. ಗಂಧ ಇಟ್ಟಾಯಿತು, ನಿಂಬೆಹಣ್ಣು ನಿವಾಳಿಸಿಯಾಯಿತು. ತಂಗಪುಷ್ಪಂ ಒಂದೊಂದೇ ವೈರನ್ನು ಅದರದರ ಕಂಡಿಗೆ ತಳ್ಳಿದಳು. ಕಡೆಗೆ ದಪ್ಪ ವೈರನ್ನು ಲ್ಯಾಪ್‌ಟಾಪಿಗೆ ಚುಚ್ಚಿದಳು. ಕೀಲಿಮಣೆ ಬೆಳಗಿತು, ಮೌಸು ಬೆಳಗಿತು, ಎಡ ಪರದೆ ಬೆಳಗಿತು. ಬಲ ಪರದೆ ಮಾತ್ರ ಅಮಾವಾಸ್ಯೆಯಂತೆ ಕೂತಿತ್ತು.

"ಸ್ವಲ್ಪ ತಡಿ, ನಾಚಿಕೊಂಡಿರಬೇಕು," ಎಂದ ವೇಲ್‌ಚಾಮಿ.

ಒಂದು ಗಂಟೆ ಕಾದರು. ಅದರ ನಾಚಿಕೆ ಹೋಗಲಿಲ್ಲ. ಮಲರ್‌ವಿಳಿ ಬಂದು ನೋಡಿ, ಮಾರಿದ ಅಂಗಡಿಗೆ ಫೋನು ಮಾಡಿದಳು. ಅತ್ತಲಿಂದ ಬಂದ ಉತ್ತರವನ್ನು ಇತ್ತ ಒಪ್ಪಿಸಿದಳು: "ಪೆಟ್ಟಿಗೆ ವಾಪಸ್ ಕಳಿಸಬೇಕಂತೆ. ಎಂಟು ದಿನ." ಆಮೇಲೆ ದನಿ ತಗ್ಗಿಸಿ ಸೇರಿಸಿದಳು, "ಸಂಜೆ ಚೆನ್ನೈಗೆ ಮಾತಾಡ್ತೀನಿ ಅಕ್ಕಾ. ಬೇಜಾರು ಮಾಡ್ಕೋಬೇಡಿ."

ಅವಳು ಹೋದ ಮೇಲೆ ವೇಲ್‌ಚಾಮಿ ಬಲ ಪರದೆಯ ಕೆನ್ನೆಗೆ ಎರಡು ತಟ್ಟಿದ. "ಪರದೇನೇ ಸತ್ತಿದೆ, ಬಿಡು."

"ಸುಮ್ಮನೆ ಒಬ್ಬರ ಮೇಲೆ ತಪ್ಪು ಹೊರಿಸಬೇಡಿ ಅಣ್ಣಾಚಿ. ನೋಡೋಣ," ಎಂದಳು ತಂಗಪುಷ್ಪಂ.

ಅವಳು ಮಾಡಿದ್ದು ಇಷ್ಟೇ. ಹಾಳೆಯಲ್ಲಿ ತಪ್ಪಿದ್ದರೆ ಅದು ಕೈಬರಹದ್ದೋ ಜೋಡಣೆಯದೋ ಎಂದು ತಿಳಿಯಲು ಅದಲು ಬದಲು ಮಾಡಿ ನೋಡುತ್ತಾಳಲ್ಲ, ಹಾಗೆಯೇ ಎರಡು ಪರದೆಯ ವೈರನ್ನು ಪೆಟ್ಟಿಗೆಯಿಂದ ಕಿತ್ತು, ಇದರದ್ದು ಅದರ ಕಂಡಿಗೆ, ಅದರದ್ದು ಇದರ ಕಂಡಿಗೆ ಚುಚ್ಚಿದಳು. ಈಗ ಬಲ ಪರದೆ ಹುಣ್ಣಿಮೆ, ಎಡದ್ದು ಅಮಾವಾಸ್ಯೆ.

"ಪರದೆಗೆ ಏನೂ ಆಗಿಲ್ಲ. ವೈರಿಗೂ ಆಗಿಲ್ಲ. ಪೆಟ್ಟಿಗೆಯ ಈ ಒಂದು ಕಣ್ಣು ಮಾತ್ರ ಕುರುಡು," ಎಂದಳು. ಅಂಗಡಿಯಲ್ಲಿ ಕೂತು ಫೋನಿನಲ್ಲೇ ರೋಗ ಹೇಳುವ ನೂರು ಎಂಜಿನಿಯರುಗಳನ್ನು ಒಂದು ತಕ್ಕಡಿಗೆ ಹಾಕಿ, ಈ ಒಂದು ಮಾತನ್ನು ಇನ್ನೊಂದಕ್ಕೆ ಹಾಕಿದರೆ, ಎಂಜಿನಿಯರುಗಳು ಮಾಳಿಗೆಗೆ ಹಾರಿಬಿಡುತ್ತಾರೆ.

ಹೇಳಿದ್ದೇನೋ ಹೌದು. ಕುರುಡು ಯಾಕೆ? ಅವಳು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟಳು. ಗಂಟೆಗಟ್ಟಲೆ ಉರಿದು ಬೆಚ್ಚಗಾಗಿತ್ತು. ಬಗ್ಗಿ ಅದರ ಬೆನ್ನಿನ ಹತ್ತಿರ ಮೂಗು ತಂದಳು. ತಂದವಳು ಹಾಗೇ ನಿಂತಳು. ಕಾಗದದ ಧೂಳಿನ ಆ ಕೋಣೆಯಲ್ಲಿ ಊದುಬತ್ತಿ ಹಚ್ಚುವುದು ನಿಷಿದ್ಧ. ಆದರೂ ಬೆಟ್ಟದ ಮೇಲಿನ ಮುರುಗನ ಗರ್ಭಗುಡಿಯ ಘಮ.

ತಂಗಪುಷ್ಪಂ ನಿಧಾನವಾಗಿ ತಲೆ ಎತ್ತಿ ವೇಲ್‌ಚಾಮಿಯ ಬಲಗೈ ತೋರುಬೆರಳನ್ನು ನೋಡಿದಳು. ವೇಲ್‌ಚಾಮಿಯೂ ಅದನ್ನೇ ನೋಡಿಕೊಂಡ. ಆಮೇಲೆ ಅದನ್ನು ಪಂಚೆಯೊಳಗೆ ಮಡಚಿ ಅಡಗಿಸಿದ.

"ಪಾಪಾಗೆ ಹೇಳ್ತೀಯಾ?"

"ಮೊದಲು ನಿಮ್ಮ ಯಂತ್ರದ ನೀರಿಗೆ ಬೆರೆಸ್ತೀರಲ್ಲ, ಆ ಸ್ಪಿರಿಟ್ ತನ್ನಿ. ಒಂದು ಪೊರಕೆ ಕಡ್ಡಿ ತನ್ನಿ. ಪ್ಲೇಟು ಒರೆಸೋ ಮೆತ್ತನೆ ಬಟ್ಟೆ ತನ್ನಿ. ಹೇಳೋದು ಬಿಡೋದು ಆಮೇಲೆ."

ಆ ವಯಸ್ಸಿನಲ್ಲಿ ವೇಲ್‌ಚಾಮಿ ಓಡಿದ ಓಟಕ್ಕೆ ಅಂಗಳದ ಕಾಗದದ ಚೂರುಗಳೆಲ್ಲ ಎದ್ದು ಅವನ ಹಿಂದೆ ಹಾರಿದವು. ಅವಳು ಪೆಟ್ಟಿಗೆಗೆ ಬರುವ ಕರೆಂಟು ತೆಗೆದು, ವೈರುಗಳನ್ನೆಲ್ಲ ಕಿತ್ತು, ಕಡ್ಡಿಯ ತುದಿಗೆ ಬಟ್ಟೆಯ ಎಳೆ ಸುತ್ತಿ, ಸ್ಪಿರಿಟ್ಟಿಗೆ ಅದ್ದಿ ಹಿಂಡಿದಳು. ಆಮೇಲೆ ಆ ಕುರುಡು ಕಂಡಿಯೊಳಗೆ, ಕೂಸಿನ ಕಿವಿಯಿಂದ ಗುಗ್ಗೆ ತೆಗೆಯುವವಳ ಹಾಗೆ, ಉಸಿರು ಬಿಗಿಹಿಡಿದು ತಿರುವಿದಳು. ಹಳದಿ ಹೆಪ್ಪು ಬಂತು. ಇನ್ನೊಂದು ಎಳೆ, ಇನ್ನಷ್ಟು ಹಳದಿ. ಅಷ್ಟು ಗಂಧದಲ್ಲಿ ಒಂದು ಮದುವೆಗೆ ಬಂದವರೆಲ್ಲರ ಹಣೆ ತುಂಬುತ್ತಿತ್ತು. ಆರನೆಯ ಎಳೆ ಬಿಳಿಯಾಗಿಯೇ ಹೊರಬಂತು. ಒಂದು ಗಂಟೆ ಫ್ಯಾನಿನ ಕೆಳಗೆ ಒಣಗಿಸಿ, ಮತ್ತೆ ವೈರು ಜೋಡಿಸಿ, ದಪ್ಪ ವೈರನ್ನು ಚುಚ್ಚಿದಳು.

ಎರಡೂ ಪರದೆ ಬೆಳಗಿದವು. ಎರಡರಲ್ಲೂ ಒಂದೇ ಚಿತ್ರ.

"ಇದೇನಿದು, ಎರಡು ಎಲೆ ಹಾಕಿ ಎರಡಕ್ಕೂ ಬರೀ ಉಪ್ಪಿನಕಾಯಿ ಬಡಿಸಿದ ಹಾಗೆ!" ಎಂದು ಅವಳು ಬೈದಳು. ಬೈಯುತ್ತಲೇ ಸೆಟ್ಟಿಂಗ್ ತೆರೆದು, ಎರಡನೆಯ ಪರದೆ ಮೊದಲನೆಯದರ ನಕಲಲ್ಲ, ಅದರ ಮುಂದುವರಿಕೆ ಎಂದು ತಿದ್ದಿದಳು. ಕೈಬರಹ ಎಡಕ್ಕೆ ಸರಿಯಿತು, ಹಾಳೆ ಬಲಕ್ಕೆ ಬಂತು. ಮೌಸಿನ ಬಾಣ ಒಂದು ಗಾಜಿನಿಂದ ಇನ್ನೊಂದು ಗಾಜಿಗೆ, ಪಕ್ಕದ ಮನೆಗೆ ಮಜ್ಜಿಗೆ ಕೇಳಲು ಹೋದವಳಷ್ಟು ಸಲೀಸಾಗಿ ದಾಟಿತು. ತಂಗಪುಷ್ಪಂ ಮರದ ಪಟ್ಟಿ ಎತ್ತಿಕೊಂಡಳು.

ಆಮೇಲೆ ನಡೆದದ್ದನ್ನು ಕಂಡವರೇ ಹೇಳಬೇಕು. ಆ ಮಧ್ಯಾಹ್ನ ಒಂದೇ ಕೂತಲ್ಲಿ ಮಾರ್ಚ್ ಮುಗಿಯಿತು. ಮರುದಿನ ಊಟದ ಹೊತ್ತಿಗೆ ಏಪ್ರಿಲ್, ಮೇ, ಜೂನ್. ಅವಳ ವೇಗಕ್ಕೆ ಮಳೆಗಾಲ ಬೇಸಿಗೆಯನ್ನು ತಳ್ಳಿಕೊಂಡು ಬಂದು, ಪಕ್ಕದ ಕೋಣೆಯಲ್ಲಿ ಇಬ್ಬರಿಗೆ ನೆಗಡಿಯಾಯಿತು. ಮಲರ್‌ವಿಳಿ ಬಾಗಿಲಲ್ಲಿ ನಿಂತು ನೋಡಿದಳು. ಚೆನ್ನೈಗೆ ಫೋನು ಮಾಡುವುದನ್ನು ಇನ್ನೂ ಒಂದು ದಿನ ಮುಂದೆ ಹಾಕಿದಳು.

ಮೂರನೆಯ ದಿನ ಬೆಳಿಗ್ಗೆ ತಂಗಪುಷ್ಪಂ ಯಾರೂ ಕೇಳದ ಕೆಲಸಕ್ಕೆ ಕೈಹಾಕಿದಳು. ಸಣ್ಣ ಪರದೆಯಲ್ಲಿ ಮುಗಿಸಿದ್ದ ಜನವರಿ, ಫೆಬ್ರವರಿಯನ್ನು ಎರಡು ಗಾಜಿನ ಮೇಲೆ ಮತ್ತೊಮ್ಮೆ ಇಳಿಸಿದಳು. ಫೆಬ್ರವರಿಯ ಮೊದಲ ಶುಕ್ರವಾರದ ಸಾಲಿಗೆ ಬಂದಾಗ ಪಟ್ಟಿ ನಿಂತಿತು. ಎಡಗಡೆ ಕೈಬರಹದಲ್ಲಿ ರಾಹುಕಾಲ ಹತ್ತೂವರೆಯಿಂದ ಹನ್ನೆರಡು. ಬಲಗಡೆ ಅವಳದೇ ಹಾಳೆಯಲ್ಲಿ ಒಂಬತ್ತರಿಂದ ಹತ್ತೂವರೆ. ಶನಿವಾರದ್ದು ಶುಕ್ರವಾರಕ್ಕೆ ಬಂದು ಕೂತಿತ್ತು. ಅದೂ ಮದುವೆಯ ಮುಹೂರ್ತವಿದ್ದ ಶುಕ್ರವಾರ. ಹತ್ತೂಮುಕ್ಕಾಲಿಗೆ ಒಳ್ಳೆಯ ಹೊತ್ತೆಂದು ನಂಬಿ ಅರ್ಧ ನಾಡು ರಾಹುವಿನ ಬಾಯಲ್ಲಿ ಕೂತು ತಾಳಿ ಕಟ್ಟುತ್ತಿತ್ತು.

ಫೆಬ್ರವರಿಯ ಪ್ಲೇಟು ಆಗಲೇ ಯಂತ್ರದ ಮೇಲಿತ್ತು. ಅವಳು ಮೆಟ್ಟಿಲಿಳಿದು ಹೋಗಿ ಕೈ ಅಡ್ಡ ಹಿಡಿದಳು. ವೇಲ್‌ಚಾಮಿ ಯಂತ್ರ ನಿಲ್ಲಿಸಿ, ಕೇಳಿ, ಸುತ್ತ ನೋಡಿ ಪಿಸುಗುಟ್ಟಿದ:

"ಬಾಯಿ ಮುಚ್ಕೊಂಡಿರು ಪುಷ್ಪಂ. ಹೊಸ ಪ್ಲೇಟು ಮಾಡಿಸಿ ನಾನೇ ಸದ್ದಿಲ್ಲದೆ ಏರಿಸ್ತೀನಿ. ಪಾಪಾ ಚೆನ್ನೈಯವರಿಗೆ ಹೂಂ ಅಥವಾ ಊಹೂಂ ಅನ್ನೋದು ಇವತ್ತೇ. ಇವತ್ತು ಹೋಗಿ ತಪ್ಪು ಮಾಡಿದೆ ಅಂತೀಯಾ? ನಾಳೆಯಿಂದ ತಗಡು ಬಡೀತೀಯ ನೋಡು."

"ಮೂವತ್ತೊಂದು ವರ್ಷ ಊರವರ ತಪ್ಪು ಹಿಡಿದಿದ್ದೀನಿ ಅಣ್ಣಾಚಿ. ನನ್ನದು ಸಿಕ್ಕಿದ ದಿನ ಸೆರಗಲ್ಲಿ ಕಟ್ಕೊಳ್ಳಲಾ?"

ಅವಳೇ ಹೋಗಿ ಮಲರ್‌ವಿಳಿಯನ್ನು ಕರೆತಂದಳು. "ತಪ್ಪು ನನ್ನದು," ಎಂದು ಪಟ್ಟಿಯಿಂದ ತೋರಿಸಿದಳು. ಅಷ್ಟೇ, ಸಣ್ಣ ಪರದೆಯನ್ನು ದೂರಲಿಲ್ಲ.

ಮಲರ್‌ವಿಳಿ ಕುರ್ಚಿಯಲ್ಲಿ ಕೂತು ದಪ್ಪ ವೈರನ್ನು ಕಿತ್ತಳು. ದೊಡ್ಡ ಪರದೆಗಳು ಕತ್ತಲಾದವು. ಲ್ಯಾಪ್‌ಟಾಪಿನ ಸಣ್ಣ ಪರದೆಯಲ್ಲಿ ಕೈಬರಹ ತೆರೆದಳು, ಮುಚ್ಚಿದಳು, ಹಾಳೆ ತೆರೆದಳು, ಮತ್ತೆ ಕೈಬರಹ ತೆರೆದಳು. ಜನವರಿಯಿಂದ ಶುರು ಮಾಡಿ, ಆ ಶುಕ್ರವಾರವನ್ನೂ ದಾಟಿ ಮುಂದಕ್ಕೆ ಹೋಗಿಬಿಟ್ಟಿದ್ದಳು. ತಪ್ಪು ಎಲ್ಲಿದೆಯೆಂದು ಆಗಷ್ಟೇ ತೋರಿಸಿಕೊಂಡವಳು! ತನಗೇ ಅದು ತಿಳಿದು ಕೈ ನಿಲ್ಲಿಸಿದಳು. ವೈರನ್ನು ಮತ್ತೆ ಚುಚ್ಚಿದಳು. ಎಡ ಬಲ ಬೆಳಗಿದವು; ಆ ಶುಕ್ರವಾರ, ಗುಂಪಿನಲ್ಲಿ ಉಲ್ಟಾ ಅಂಗಿ ತೊಟ್ಟವನಂತೆ ಎದ್ದು ಕಂಡಿತು.

"ಪಕ್ಕಪಕ್ಕ ಕೂರಿಸಿದ್ರೆ ಯಾರೂ ಸುಳ್ಳು ಹೇಳಕ್ಕಾಗಲ್ಲ ಪಾಪಾ," ಎಂದಳು ತಂಗಪುಷ್ಪಂ.

ಮಲರ್‌ವಿಳಿ ಫೋನು ತೆಗೆದು ಅಲ್ಲಿಯೇ ನಿಂತು ಮಾತಾಡಿದಳು. "ಇಲ್ಲ ಸಾರ್, ಬೇಡ. ಈ ವರ್ಷಾನೂ ನಮ್ಮಲ್ಲೇ. ಮುಂದಿನ ವರ್ಷಾನೂ." ಫೋನು ಇಟ್ಟು ಕೇಳಿದಳು, "ಉಳಿದ ತಿಂಗಳು?"

"ನಾಳೆ ಸಂಜೆಗೆ."

"ಇನ್ನೇನಾದ್ರೂ ಹೇಳೋದು ಇದೆಯಾ ಅಕ್ಕಾ? ಅವತ್ತು ಕೆಟ್ಟಿದ್ದದ್ದು ತಾನಾಗೇ ಹೇಗೆ ಸರಿಹೋಯ್ತು ಅಂತ ಯೋಚಿಸ್ತಿದ್ದೆ. ಈ ಪೆಟ್ಟಿಗೆ ಹತ್ತಿರ ಬಂದ್ರೆ ಏನೋ ವಾಸನೆ."

ತಂಗಪುಷ್ಪಂ ಪಟ್ಟಿಯನ್ನು ಒರೆಸತೊಡಗಿದಳು. ಬಾಗಿಲಲ್ಲಿ ನಿಂತಿದ್ದ ವೇಲ್‌ಚಾಮಿ ಸೂರಿನ ಜೇಡವೊಂದನ್ನು ಜೀವಮಾನದಲ್ಲೇ ಮೊದಲ ಸಲ ಕಂಡವನಂತೆ ನೋಡುತ್ತಿದ್ದ.

ಡಿಸೆಂಬರಿನ ಕೊನೆಯ ದಿನ ಮರುಸಂಜೆ ಐದಕ್ಕೆ ಮುಗಿಯಿತು. ಆಡಿ ಹದಿನೆಂಟರ ಬೆಳಿಗ್ಗೆ ರಾತ್ರಿಯಿಡೀ ಅಚ್ಚಾದ ಹೊಸ ಕ್ಯಾಲೆಂಡರಿನ ಮೊದಲ ಕಟ್ಟನ್ನು ದೇವರ ಮುಂದಿಟ್ಟು, ಕರ್ಪೂರ ಬೆಳಗಿ, ಸಕ್ಕರೆ ಪೊಂಗಲ್ ಹಂಚಿದ ಮೇಲೆ, ಮಂಗಳಾರತಿ ತಟ್ಟೆಯ ಹಿಂದೆ ವೇಲ್‌ಚಾಮಿ ಗಂಧದ ಬಟ್ಟಲು ಹಿಡಿದು ಯಂತ್ರದಿಂದ ಯಂತ್ರಕ್ಕೆ ಬಂದ. ತಂಗಪುಷ್ಪಂನ ಮೇಜಿನ ಹತ್ತಿರ ಬಂದವನು ಯಾಕೋ ಅನುಮಾನಿಸಿ ನಿಂತ.

ಮಲರ್‌ವಿಳಿ ಅವನ ಕೈಯಿಂದ ಬಟ್ಟಲು ತೆಗೆದುಕೊಂಡಳು. ಕರಿ ಪೆಟ್ಟಿಗೆಯ ಮುಂದೆ ಬಗ್ಗಿ, ತಲೆಗೆ ನೀರು ಹೊಯ್ಯುವಾಗ ಕೂಸಿನ ಕಣ್ಣಿಗೆ ಅಡ್ಡ ಹಿಡಿಯುವ ಹಾಗೆ, ಎಡ ಅಂಗೈಯನ್ನು ಅದರ ಕಂಡಿಗಳಿಗೆ ಮರೆಯಾಗಿ ಹಿಡಿದಳು. ಬಲಗೈಯ ಉಂಗುರಬೆರಳಿನಿಂದ ನೆತ್ತಿಯ ನಟ್ಟನಡುವೆ ಒಂದೇ ಒಂದು ಬೊಟ್ಟು ಇಟ್ಟಳು.