ಉಸಿರು ತೆಗೆದ ಹಾಡು

"ಮೇಡಂ ಹಾಡುವಾಗ ನೀವು ಅವರನ್ನೇ ನೋಡ್ತಾ ಇರಿ ಸರ್, ವಿಡಿಯೋಗೆ ಚೆನ್ನಾಗಿರುತ್ತೆ," ಎಂದ ಸ್ಟುಡಿಯೋದ ವಿಜಯ್ ಕುಮಾರ್. ಬೆಳಗ್ಗೆಯಿಂದ ವಿರೂಪಾಕ್ಷನಿಗೆ ಆಗದೇ ಇದ್ದದ್ದು ಅದೊಂದೇ.

ಮತ್ತಿಕೆರೆಯ ಬೇಕರಿಯೊಂದರ ಮೇಲಿನ ಸ್ಟುಡಿಯೋ. ಕಾಲೇಜಿನ ಚಾನೆಲ್ಲಿಗೆ ಹಳೆಯ ಚಿತ್ರಗೀತೆಯೊಂದನ್ನು ಹೊಸದಾಗಿ ಹಾಡಿದ ಕವರ್ ಬೇಕಾಗಿತ್ತು. ಎಷ್ಟೇ ಕಷ್ಟ ಬಂದರೂ ಎದೆಗುಂದದೆ ಜೊತೆಯಾಗಿ ನಡೆಯೋಣ ಎಂಬ ಯುಗಳಗೀತೆ. ವಿದ್ಯಾರ್ಥಿಗಳಿಗೆ ಭರವಸೆ ತುಂಬಲು ಪ್ರಿನ್ಸಿಪಾಲರು ಆರಿಸಿದ್ದು ಕನ್ನಡ ವಿಭಾಗದ ಇಬ್ಬರು ಅತಿಥಿ ಉಪನ್ಯಾಸಕರನ್ನು, ವಿರೂಪಾಕ್ಷ ಮತ್ತು ಸುಮಾ. ಕೆಲಸ ಕಾಯಂ ಆದವರಿಗೆ ಭರವಸೆಯ ಬಗ್ಗೆ ಹಾಡಲು ಪುರುಸೊತ್ತಿರಲಿಲ್ಲ.

ಮುಂದಿನ ಸೆಮಿಸ್ಟರಿಗೆ ಒಬ್ಬರೇ ಸಾಕು, ಅದು ನೀವೇ ಎಂದು ವಿಭಾಗದ ಮುಖ್ಯಸ್ಥ ವೇಣುಗೋಪಾಲ್ ನಿನ್ನೆ ವಿರೂಪಾಕ್ಷನನ್ನು ಕರೆದು ಹೇಳಿದ್ದರು. ಹಾಡು ಮುಗಿಯುವವರೆಗೆ ಸುಮಾಗೆ ತಿಳಿಸುವುದು ಬೇಡ, ದನಿ ಕೆಟ್ಟೀತು ಎಂದೂ ಹೇಳಿದ್ದರು. ಸಂಗೀತದ ಬಗ್ಗೆ ಅವರಿಗಿದ್ದ ಕಾಳಜಿಗೆ ವಿರೂಪಾಕ್ಷ ತಲೆದೂಗಿದ್ದ.

ಟೀ ಕುಡಿಯುವಾಗ ಸುಮಾ ತಾನಾಗಿಯೇ ಮಾತು ತೆಗೆದಳು. ಯಲಹಂಕದ ಇನ್ನೊಂದು ಕಾಲೇಜು ಅವಳನ್ನು ಕರೆದಿತ್ತಂತೆ.

"ಐದು ಗಂಟೆಯೊಳಗೆ ಹೇಳ್ಬೇಕು ಸರ್. ಇಲ್ಲಿ ನಮ್ಮಿಬ್ಬರನ್ನೂ ಇಟ್ಕೋತಾರಲ್ವಾ? ನಿಮಗೇನಾದ್ರೂ ಗೊತ್ತಾಯ್ತಾ?"

ಗಂಟೆ ನಾಲ್ಕೂವರೆ.

"ಇಲ್ಲ ಮೇಡಂ. ನೋಡೋಣ."

ನೋಡೋಣ ಎಂಬ ಮಾತು ಅವನಿಗೆ ಬಹಳ ಇಷ್ಟ. ಅಷ್ಟು ಅಂದವನನ್ನು ಯಾರೂ ಸುಳ್ಳುಗಾರ ಎನ್ನುವಂತಿಲ್ಲ.

ಅವಳು ಫೋನು ತೆಗೆದು, ಬರುವುದಿಲ್ಲವೆಂದು ಯಲಹಂಕದವರಿಗೆ ಮೆಸೇಜು ಕಳಿಸಿದಳು. ಗೊತ್ತಿರುವ ಜಾಗವೇ ವಾಸಿ ಎಂದು ನಕ್ಕಳು. ವಿರೂಪಾಕ್ಷನಿಗೆ ನಾಚಿಕೆಯಾಯಿತು. ಟೀ ಮಾತ್ರ ಚೆನ್ನಾಗಿತ್ತು.

ಮತ್ತೆ ಮೈಕಿನ ಮುಂದೆ ನಿಂತರು. ಜೊತೆ ಬಿಡುವುದಿಲ್ಲ ಎಂದು ಮಾತು ಕೊಡುವ ಸಾಲು ಅವನ ಪಾಲಿನದು. ಅದಕ್ಕೆ ಮುಂಚೆ ಸುಮಾಳ ಕಡೆ ತಿರುಗಿದ. ಈಗ ಹೇಳಿದರೂ ಅವಳು ಯಲಹಂಕಕ್ಕೆ ಫೋನು ಮಾಡಬಹುದು. ಬಾಯಿ ತೆರೆದ. ಹೊರಟದ್ದು ಬರೀ ಉಸಿರು. ಅಷ್ಟರಲ್ಲಿ ಅವನ ಸಾಲು ಬಂತು, ಹಾಡಿದ.

ಹಾಡು ಮುಗಿದ ಮೇಲೆ ವಿಜಯ್ ಕುಮಾರ್ ಕಂಪ್ಯೂಟರ್ ಪರದೆಯಲ್ಲಿ ದನಿಯ ಗೆರೆಯ ಮೇಲೆ ಬೆರಳಿಟ್ಟ. "ಇಲ್ಲೊಂದು ದೊಡ್ಡ ಉಸಿರಿದೆ ಸರ್. ಏನೋ ಹೇಳೋಕ್ ಹೊರಟ ಹಾಗಿದೆ. ತೆಗೆದುಬಿಡ್ಲಾ?"

ಸುಮಾ ಅವನನ್ನೇ ನೋಡುತ್ತಿದ್ದಳು. ಗೋಡೆಯ ಗಡಿಯಾರದಲ್ಲಿ ಐದಕ್ಕೆ ಎರಡು ನಿಮಿಷ ಬಾಕಿ.

"ತೆಗೀರಿ," ಎಂದ.

ಪರದೆಯ ಮೇಲಿದ್ದ ಸಣ್ಣ ಉಬ್ಬು ಅಳಿಸಿಹೋಗಿ ಗೆರೆ ನೇರವಾಯಿತು. ಅದೇ ಕೈಯಲ್ಲಿ ವಿಜಯ್ ಕುಮಾರ್ ಅವನ ಉಳಿದ ಉಸಿರುಗಳನ್ನೂ ಒಂದೊಂದಾಗಿ ಕತ್ತರಿಸಿದ. ಆಮೇಲೆ ಹಾಡು ಹಾಕಿದ. ಸ್ಪೀಕರಿನಲ್ಲಿ ವಿರೂಪಾಕ್ಷ ಒಮ್ಮೆಯೂ ಉಸಿರಾಡದೆ, ಜೊತೆ ಬಿಡುವುದಿಲ್ಲ ಎಂದು ಹಾಡುತ್ತಲೇ ಇದ್ದ.