ನಾಟಕದ ಮುದುಕಿಗೆ ಬಿಟ್ಟ ನೀರು

ಕುಕ್ಕಪ್ಪ ತುಳಸಿಯ ಕುಡಿಯನ್ನು ಬಟ್ಟಲ ನೀರಿಗೆ ಅದ್ದಿ ಅಣ್ಣನ ಮಗ ದೇರಣ್ಣನ ತುಟಿಯ ಮೇಲೆ ಹಿಡಿದ. ಹನಿ ಒಳಗೆ ಹೋಗಲಿಲ್ಲ. ಕೊನೆಯ ನೀರು ಬಿಡಲು ಕುಟುಂಬದವರು ಒಬ್ಬರ ಹಿಂದೆ ಒಬ್ಬರು ನಿಂತಿದ್ದರು. ದೇರಣ್ಣ ಬಹಳ ಕಾಲ ಹಾಸಿಗೆ ಹಿಡಿದು ತೀರಿಕೊಂಡಿದ್ದ. ಅಳುವುದಕ್ಕೂ ಯಾರಲ್ಲೂ ತ್ರಾಣ ಉಳಿದಿರಲಿಲ್ಲ. ಹೆಂಡತಿ ಸೇವಂತಿ ಗೋಡೆಗೆ ಒರಗಿ ಕೂತಿದ್ದಳು.

ಅಂಗಳದ ಆಚೆ ಚಿತೆಗೆ ಮಾವಿನ ಮರ ಒಡೆಯುತ್ತಿದ್ದರು. ಒಣಮೀನಿನ ವ್ಯಾಪಾರಿ ಪೋಕರ್ ಅಲ್ಲಿ ನಿಂತಿದ್ದ. ನಾಟಕ ನೋಡಲು ದೇರಣ್ಣನ ಜೊತೆ ಊರೂರು ನಡೆದವನು ಅವನೇ.

"ರಾಜರ ನಾಟಕ ಅವನಿಗೆ ಆಗ್ತಿರಲಿಲ್ಲ ಮಾರಾಯ್ರೆ. ಪುತ್ತೂರಿಗೆ ಕಂಪೆನಿ ಬಂದಿತ್ತಲ್ಲ, ಎಂತ ಪರದೆ, ಎಂತ ಕಿರೀಟ! ನಾನು ಬಾಯಿ ಬಿಟ್ಟು ನೋಡುದು. ಇವ ಎಂತ ಹೇಳಿದ ಗೊತ್ತುಂಟಾ? 'ಯುದ್ಧ ಮುಗಿಸಿ ಬಂದವನಿಗೆ ಬೆವರೇ ಇಲ್ಲ ಪೋಕರೆ, ಇವ ಮದುವೆಗೆ ಹೋಗಿ ಬಂದದ್ದು!'"

ಕೊಡಲಿ ಹಿಡಿದವರು ನಕ್ಕರು.

"ಮತ್ತೆ ಯಾವುದು ಆಗ್ತಿತ್ತು?" ಎಂದ ಅವರಲ್ಲೊಬ್ಬ.

"ನಮ್ಮ ಕಾಣಿಯೂರಿನವರದ್ದು. ಮುದುಕಿ ಸೊಪ್ಪಿನ ಹೊರೆ ಇಳಿಸಿ, ಕೂರದೆ ಹಾಗೇ ನಿಲ್ಲುದುಂಟಲ್ಲ, ಅದನ್ನು ನೋಡ್ಲಿಕ್ಕೇ ಅವ ಪ್ರತಿ ವರ್ಷ ಬರುದು. 'ಸೊಂಟ ನೆಟ್ಟಗಾಗದೆ ಕೂರ್ಲಿಕ್ಕೆ ಆಗುದಿಲ್ಲ, ಚೆನ್ನಪ್ಪನಿಗೆ ಅದು ಗೊತ್ತುಂಟು' ಅಂತ."

ಮಾತು ಅಲ್ಲಿಗೇ ನಿಂತಿತು. ಆ ಮುದುಕಿಯ ಪಾರ್ಟು ಮಾಡುತ್ತಿದ್ದ ದರ್ಜಿ ಚೆನ್ನಪ್ಪ ಅಂಗಳಕ್ಕೆ ಬರುತ್ತಿದ್ದ.

*

ಅದು ಐವತ್ತೆಂಟನೆಯ ಇಸವಿಯ ಬೇಸಗೆ. ಗ್ಯಾಸ್‌ಲೈಟು ಕೆಟ್ಟು ನಾಟಕವನ್ನು ಹಗಲಲ್ಲೇ ಆಡಿದ್ದರು. ಮುದುಕಿಯ ವೇಷದ ಚೆನ್ನಪ್ಪ ಚಾಪೆಯ ಮೇಲೆ ಬಿದ್ದು ನೀರು ನೀರು ಎಂದು ನರಳಿದ. ಕತೆಯಲ್ಲಿ ಮಗ ಮುಖ ತಿರುಗಿಸಬೇಕು, ತಾಯಿ ಬಾಯಾರಿಯೇ ಸಾಯಬೇಕು. ದೇರಣ್ಣನಿಗೆ ಅದೆಲ್ಲ ಬಾಯಿಪಾಠ. ಆದರೂ ಆ ದಿನ ಎದ್ದ. ಹಾರ್ಮೋನಿಯಂನವರ ಚೊಂಬು ಎತ್ತಿಕೊಂಡು ರಂಗಸ್ಥಳ ಹತ್ತಿದ. ಮುದುಕಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನೀರು ಹನಿಸಿದ.

ಚೆನ್ನಪ್ಪ ಕುಡಿದ. ಬಿಸಿಲಿಗೆ ನಿಜವಾಗಿಯೂ ಬಾಯಾರಿತ್ತು. ಕುಡಿದ ಮೇಲೆ ಸಾಯುವುದು ಹೇಗೆಂದು ತಿಳಿಯದೆ ಎದ್ದು ಕೂತ. ಊರೇ ಬಿದ್ದು ಬಿದ್ದು ನಕ್ಕಿತು. ಮರುವರ್ಷ ಆ ಪಾರ್ಟು ಬೇರೆಯವನಿಗೆ ಹೋಯಿತು. ಚೆನ್ನಪ್ಪ ಮತ್ತೆ ಬಣ್ಣ ಹಚ್ಚಲಿಲ್ಲ. ದೇರಣ್ಣ ಎದುರು ಸಿಕ್ಕಿದರೂ ಅವನ ಜೊತೆ ಮಾತಾಡಲಿಲ್ಲ.

*

"ಅಕ್ಕ, ನಾನೂ ಸ್ವಲ್ಪ ನೀರು ಬಿಡ್ತೇನೆ" ಎಂದ ಚೆನ್ನಪ್ಪ ಸೇವಂತಿಗೆ, ಬಾಗಿಲಲ್ಲೇ ನಿಂತು.

ಕುಕ್ಕಪ್ಪ ಬಟ್ಟಲನ್ನು ತನ್ನ ಕಡೆಗೆ ಎಳೆದುಕೊಂಡ. "ಕುಟುಂಬದವರು ಮಾತ್ರ ಬಿಡುದು. ನಿನಗೆ ಎಂತ ಸಂಬಂಧ?"

"ಸಂಬಂಧ ಇಲ್ಲ. ಇಷ್ಟು ವರ್ಷ ಮಾತಾಡದೆ ಇದ್ದೆ. ಇನ್ನು ಆಡುವ ಅಂದ್ರೂ ಆಗುದಿಲ್ಲವಲ್ಲ."

"ಅದಕ್ಕೆ ನೀರು ಬಿಡುದಾ? ಇದು ನಾಟಕ ಅಲ್ಲ."

ಸೇವಂತಿ ಗೋಡೆ ಬಿಟ್ಟು ಕದಲಲಿಲ್ಲ. "ಬಿಡಲಿ ಮಾವ."

"ನೀನು ಸುಮ್ಮನಿರು. ಹೆತ್ತ ತಾಯಿಗೆ ನೀರು ಬಿಡದವ ನಾಟಕದ ಮುದುಕಿಗೆ ಬಿಟ್ಟ. ಊರು ನಗಾಡಿದ್ದು ಸಾಕು."

"ಹೆತ್ತ ತಾಯಿ ಹೋಗುವಾಗ ಅವರು ನೆಟ್ಟಣದ ಕಾಡಲ್ಲಿ ಮರ ಹೊರ್ತಿದ್ರು. ಸುದ್ದಿ ಸಿಕ್ಕಿ ಓಡಿ ಬರುವಾಗ ನೀವು ಬೂದಿಯೂ ತೆಗೆದಾಗಿತ್ತು." ಅವಳ ದನಿ ಏರಲಿಲ್ಲ, ಏರಿಸುವಷ್ಟು ಶಕ್ತಿ ಇರಲಿಲ್ಲ. "ಆ ನಾಟಕದಿಂದ ಬಂದವರು, ಒಂದು ಹೊರೆ ಇಳೀತು ಸೇವಂತಿ ಅಂದ್ರು. ಉಂಡು ಮಲಗಿದ್ರು. ಅಂಥ ನಿದ್ದೆ ಅವರು ಮಾಡಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ."

ಚೆನ್ನಪ್ಪ ಬಾಗಿಲ ದಾರಂದ ಹಿಡಿದುಕೊಂಡ. "ನನ್ನನ್ನು ಹಾಸ್ಯ ಮಾಡ್ಲಿಕ್ಕೆ ರಂಗಸ್ಥಳ ಹತ್ತಿದ್ದು ಅಂತ ತಿಳ್ಕೊಂಡಿದ್ದೆ ಅಕ್ಕ."

ಕುಕ್ಕಪ್ಪ ಬಟ್ಟಲನ್ನು ನೆಲದ ಮೇಲಿಟ್ಟು ಮುಂದಕ್ಕೆ ಸರಿಸಿದ. "ಬೇಗ ಬಿಡು. ಹೊತ್ತು ಮುಳುಗುವ ಮೊದಲು ಎತ್ತಬೇಕು."

ಚೆನ್ನಪ್ಪ ಹೆಣದ ಪಕ್ಕ ಮಂಡಿ ಮಡಚಿ ಕೂತು, ತಲೆಯನ್ನು ಒಂದಿಷ್ಟು ಎತ್ತಿ ನೀರು ಹನಿಸಿದ. ಅದು ಮುಚ್ಚಿದ ತುಟಿಯಿಂದ ಜಾರಿ ಕೆನ್ನೆಗೆ ಇಳಿಯಿತು. ಒರೆಸಲು ಅವನ ಕೈ, ಮುದುಕಿಯ ವೇಷದಲ್ಲಿದ್ದಂತೆ, ಸೆರಗು ಹುಡುಕುತ್ತ ಎಡ ಹೆಗಲಿಗೆ ಹೋಯಿತು. ಬೆರಳುಗಳು ಅಂಗಿಯ ಮೇಲೆ ಸ್ವಲ್ಪ ಹೊತ್ತು ತಡಕಾಡಿದವು.